ಪೈಪಣ್ಣನ ನೇರಳೆ ಉಂಗುರಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಡೆಗೂ ಬೇಲಿಗೂ ನಡುವೆ ಒಬ್ಬರು ಮಾತ್ರ ಹಿಡಿಸುವಷ್ಟು ಜಾಗ. ಅಲ್ಲಿ ಪೈಪಣ್ಣ ಮಂಡಿಯೂರಿ ಕೂತಿದ್ದಾರೆ. ಉಸಿರು ಬಿಟ್ಟರೆ ಹಬೆ ಏಳುವ ಚಳಿ. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಅಳತೆಯ ಟೇಪು. ಗೋಡೆಗೆ ತೂತು ಕೊರೆಯುವುದು ಆಮೇಲಿನ ಮಾತು. ಮೊದಲು ಅವರು ಕಿಟಕಿಯಿಂದ ಅಳೆಯುತ್ತಾರೆ, ಬಾಗಿಲಿನಿಂದ ಅಳೆಯುತ್ತಾರೆ, ಪಕ್ಕದ ಮನೆಯ ಕಿಟಕಿಯನ್ನೂ ಬಿಡುವುದಿಲ್ಲ. ಅಳೆದದ್ದನ್ನೇ ಇನ್ನೊಮ್ಮೆ ಅಳೆಯುತ್ತಾರೆ. ಒಳಗಿನಿಂದ ನೋಡುತ್ತಿರುವ ಮನೆಯೊಡತಿಗೆ, ಬಂದಿರುವುದು ಪೈಪಿನವರೋ ಗೋಡೆಗೆ ಅಂಗಿ ಹೊಲಿಯುವ ದರ್ಜಿಯೋ ಎಂದು ಅನುಮಾನ.

ಹಿಮ ಬೀಳುವ ಈ ಊರಿನಲ್ಲಿ ಮನೆಗಳನ್ನು ಬೆಚ್ಚಗಿಡುವ ಗ್ಯಾಸ್ ಬಾಯ್ಲರಿಗೆ ಉಸಿರಾಟದ ದಾರಿ ಮಾಡಿಕೊಡುವುದು ಇವರ ಕಸುಬು. ಹಿಂದೆ ಉರಿದ ಗಾಳಿ ಚಿಮಣಿ ಹತ್ತಿ ಮಾಡಿನ ಮೇಲೆ ಹೋಗುತ್ತಿತ್ತು. ಈಗಿನ ಬಾಯ್ಲರುಗಳಿಗೆ ಪಕ್ಕದ ಗೋಡೆಯೇ ಸಾಕು. ಎರಡು ಬಿಳಿ ಪೈಪುಗಳು ಗೋಡೆ ದಾಟಿ ಹೊರಗೆ ಮೂತಿ ಚಾಚುತ್ತವೆ. ಒಂದು ಹೊಸ ಗಾಳಿಯನ್ನು ಒಳಗೆಳೆದುಕೊಳ್ಳಲು, ಇನ್ನೊಂದು ಉರಿದ ಗಾಳಿಯನ್ನು ಹೊರಹಾಕಲು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಹೊರಗೆ ಬಿಟ್ಟದ್ದು ಕಿಟಕಿಯಿಂದ ಮತ್ತೆ ಒಳಗೆ ನುಗ್ಗಬಾರದು, ಹಿಮ ಬಿದ್ದರೆ ಮೂತಿ ಮುಚ್ಚಬಾರದು, ಎರಡು ಮೂತಿಗಳು ತೀರಾ ಹತ್ತಿರ ಇರಬಾರದು.

"ತಾನು ಬಿಟ್ಟ ಉಸಿರನ್ನ ತಾನೇ ಎಳ್ಕೋಬಾರ್ದು ನೋಡಿ. ಅದು ಎಂಜಲು ಗಾಳಿ," ಎನ್ನುತ್ತಾರೆ ಪೈಪಣ್ಣ. "ಬಾಯ್ಲರಿಗೂ ಎಂಜಲು ಆಗಿಬರಲ್ಲ."

ಇವರ ಬಗ್ಗೆ ಬರೆಯಿರಿ ಎಂದು ಪತ್ರಿಕೆಯ ಪುರವಣಿಗೆ ಶಿಫಾರಸು ಮಾಡಿದ್ದು ಇಡೀ ಬೀದಿ. ಯಾರ ಮನೆಯ ಬಾಯ್ಲರ್ ಕೆಟ್ಟರೂ ಮೊದಲು ನೆನಪಾಗುವುದು ಇವರೇ. ಆದರೆ ಪುರವಣಿಯ ಲೇಖಕಿ ಮೊದಲ ಸಲ ಫೋನ್ ಮಾಡಿದಾಗ ಪೈಪಣ್ಣ ರಾಂಗ್ ನಂಬರ್ ಎಂದು ಇಟ್ಟುಬಿಟ್ಟಿದ್ದರು. ಎರಡನೇ ಸಲ ಮೈಗೆ ಹುಷಾರಿಲ್ಲ ಎಂದರು. ಮೂರನೇ ಸಲ, ಬರೆಯುವುದಿದ್ದರೆ ಬಾಯ್ಲರ್ ಬಗ್ಗೆ ಬರೆಯಿರಿ, ನನ್ನ ಬಗ್ಗೆ ಏನಿದೆ ಮಣ್ಣು ಎಂದರು. ಬೀದಿಯವರು ಇದನ್ನು ವಿನಯ ಎಂದುಕೊಂಡರು. ಲೇಖಕಿಯೂ ಹಾಗೇ ಎಂದುಕೊಂಡು ಬೆಳಗಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಬಂದು ನಿಂತಿದ್ದಾರೆ. ನಿಮ್ಮ ಕೈಗುಣದಿಂದ ಎಷ್ಟೋ ಮನೆಯವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಿದ್ದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಪೈಪಣ್ಣನ ಕೈಯ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

ಪೈಪಣ್ಣ ಈ ಕೆಲಸಕ್ಕೆ ಬಂದದ್ದು ಪೈಪು ಹೊರುವ ಕೂಲಿಯಾಗಿ. ಮೇಸ್ತ್ರಿಯೊಬ್ಬರು ಕೆಲಸ ಕಲಿಸಿದರು. ಕಲಿಸಿದರು ಎಂದರೆ ಹೆಚ್ಚೇನೂ ಹೇಳಲಿಲ್ಲ, ತಪ್ಪಿದಾಗ ಬೈದರು. ಉರಿದ ಗಾಳಿ ತಣಿದರೆ ನೀರಾಗುತ್ತದೆ. ಆ ನೀರು ಹಿಂದಕ್ಕೆ ಹರಿದು ಬಾಯ್ಲರಿನ ಚರಂಡಿ ಕೊಳವೆಗೆ ಸೇರುವ ಹಾಗೆ ಪೈಪಿಗೆ ವಾಟ, ಅಂದರೆ ಇಳಿಜಾರು, ಕೊಡಬೇಕು. ನಡುವೆ ಎಲ್ಲೂ ಜೋತುಬಿದ್ದು ನೀರು ನಿಲ್ಲದ ಹಾಗೆ ಗೋಡೆಗೆ ಕ್ಲಾಂಪ್ ಬಿಗಿಯಬೇಕು. ಇದೆಲ್ಲ ಬೈಗುಳದ ಜೊತೆಗೇ ತಲೆಗೆ ಹೋಯಿತು. ಈಗ ಮಟ್ಟ ನೋಡುವ ರಸಮಟ್ಟ ಇಡುವ ಮೊದಲೇ ಅವರ ಕಣ್ಣಿಗೆ ವಾಟ ಕಾಣುತ್ತದೆ, ಆದರೂ ಇಡುತ್ತಾರೆ. ಚಳಿಗಾಲದಲ್ಲಿ ದಿನಕ್ಕೊಂದು ಮನೆ, ಕೆಲವು ದಿನ ಎರಡು. ರಜೆ ಎಂಬುದಿಲ್ಲ. ಮಂಡಿಚಿಪ್ಪು ಸವೆದಿದೆ, ಸಿಮೆಂಟಿನ ಧೂಳು ತಿಂದು ತಿಂದು ಕೆಮ್ಮು ಮನೆಯವರಿಗೇ ಅಭ್ಯಾಸವಾಗಿಬಿಟ್ಟಿದೆ. ಕೆಮ್ಮು ಕೇಳಿದ ಮೇಲೆಯೇ ಹೆಂಡತಿ ಒಲೆಯ ಮೇಲೆ ಚಹಾ ಇಡುವುದಂತೆ.

ಸೂರ್ಯ ಬೇಲಿಯ ಮೇಲೆ ಬರುವ ಹೊತ್ತಿಗೆ ಗೋಡೆ ತೂತಾಗಿದೆ, ಕೆಲಸ ನೆಲಮಾಳಿಗೆಗೆ ಇಳಿದಿದೆ. ಪೈಪು ಕೂಡಿಸುವುದಕ್ಕೆ ಇವರ ಕಸುಬಿನಲ್ಲಿ ಒಂದು ಕ್ರಮವಿದೆ. ಮೊದಲು ಅಂಟು ಹಾಕದೆ, ಎಲ್ಲ ತುಂಡುಗಳನ್ನೂ ಬರೀ ಕೂಡಿಸಿ ನೋಡಬೇಕು. ಸರಿಬಂತೋ, ಪ್ರತಿ ಜಾಯಿಂಟಿನ ಮೇಲೂ ಪೆನ್ಸಿಲಿನಿಂದ ಅಡ್ಡಗೀಟು ಎಳೆಯಬೇಕು. ಆಮೇಲೆ ಒಂದೊಂದನ್ನೇ ಬಿಚ್ಚಿ, ಅಂಟು ಕಚ್ಚಿಕೊಳ್ಳಲು ಮೊದಲು ಪ್ರೈಮರ್ ಬಳಿದು, ಮೇಲೆ ಅಂಟಿನ ಸಲ್ಯೂಷನ್ ಹಚ್ಚಿ, ಗೀಟಿಗೆ ಗೀಟು ಕೂಡುವ ಹಾಗೆ ಒತ್ತಿ ಹಿಡಿಯಬೇಕು. ಪೈಪಣ್ಣ ಬಳಿಯುವ ಪ್ರೈಮರ್ ಕಡು ನೇರಳೆ. ಹಾಗಾಗಿ ಪ್ರತಿ ಜಾಯಿಂಟಿನ ಸುತ್ತಲೂ ಒಂದು ನೇರಳೆ ಉಂಗುರ ಉಳಿಯುತ್ತದೆ. ಕೆಲವು ಕಡೆ ಬಣ್ಣ ಸೋರಿ ಪೈಪಿನ ಮೇಲೆ ಗೆರೆಯಾಗಿ ಇಳಿದಿರುತ್ತದೆ.

ಮನೆಯೊಡತಿ ಮೆಟ್ಟಿಲಿಳಿದು ಬಂದವರೇ ಮುಖ ಸಿಂಡರಿಸಿದರು. ಬೆಳ್ಳಗಿನ ಪೈಪಿನ ಮೇಲೆ ಇದೇನು ಕಲೆ, ಬಣ್ಣವಿಲ್ಲದ ಪ್ರೈಮರೂ ಸಿಗುತ್ತದಂತಲ್ಲ, ನನ್ನ ತಂಗಿಯ ಮನೆಯಲ್ಲಿ ಎಷ್ಟು ಚೊಕ್ಕವಾಗಿ ಮಾಡಿದ್ದಾರೆ ಎಂದರು. ಕೇಳಿದರೆ ತಪ್ಪೇನಿಲ್ಲ. ದುಡ್ಡು ಕೊಟ್ಟು ಹೊಸ ಗೋಡೆಗೆ ಬಣ್ಣ ಬಳಿಸಿದವರು. ಈ ಕಲೆಯ ಕಾರಣಕ್ಕೆ ಪೈಪಣ್ಣನ ಕೈಯಿಂದ ಕೆಲಸಗಳು ತಪ್ಪಿಹೋಗಿದ್ದೂ ಉಂಟು.

"ನೇರಳೆ ಹಣ್ಣು ತಿಂದ ನಾಲಿಗೆ ಸುಳ್ಳು ಹೇಳಲ್ಲ ಅಮ್ಮಾ," ಎಂದರು ಪೈಪಣ್ಣ. "ಉಂಗುರ ಕಂಡ್ರೆ ಆ ಜಾಯಿಂಟಿಗೆ ಕೈ ಹೋಗಿದೆ ಅಂತ ಅರ್ಥ. ಉಂಗುರ ಇಲ್ಲ ಅಂದ್ರೆ ನನ್ನನ್ನ ಒಳಗೆ ಸೇರಿಸ್ಬೇಡಿ."

ಮನೆಯೊಡತಿ ನಕ್ಕು ಮೇಲೆ ಹೋದರು. ಲೇಖಕಿ ಮಾತ್ರ ಹೋಗಲಿಲ್ಲ. ಯಾವತ್ತಾದರೂ ಉಂಗುರವಿಲ್ಲದ ಜಾಯಿಂಟು ಉಳಿದುಬಿಟ್ಟಿತ್ತೇ ಎಂದು ಸುಮ್ಮನೆ ಕೇಳಿದರು. ಪೈಪಣ್ಣ ಪ್ರೈಮರ್ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ಬಿಗಿಯಾಗಿದ್ದನ್ನೇ ಮತ್ತೆ ಬಿಗಿ ಮಾಡಿದರು. ಆಮೇಲೆ ಚೀಲದ ತಳಕ್ಕೆ ಕೈಹಾಕಿ ಬಟ್ಟೆ ಸುತ್ತಿದ ಒಂದು ಹಳೆಯ ಎಲ್ಬೋ ತೆಗೆದರು. ಪೈಪು ತಿರುಗುವಲ್ಲಿ ಹಾಕುವ ಮೊಣಕೈಯಂಥ ತುಂಡು ಅದು. ಅದರ ಅಂಚಿನಲ್ಲಿ ಅರ್ಧ ಪೆನ್ಸಿಲ್ ಗೀಟಿದೆ. ಬಣ್ಣವಿಲ್ಲ, ಅಂಟಿಲ್ಲ.

"ಇದು ನಮ್ಮಕ್ಕನ ಮನೇದು," ಎಂದರು.

ಪೈಪಣ್ಣನಿಗೆ ಒಬ್ಬಳೇ ಅಕ್ಕ. ಅಕ್ಕನ ಗಂಡ, ಅಂದರೆ ಭಾವ, ಕುರ್ಚಿಗೆ ಬೆತ್ತ ಹೆಣೆಯುವವರು. ಅವರ ಕೆಲಸದ ಕೋಣೆ ಮನೆಯ ನೆಲಮಾಳಿಗೆ. ಅಲ್ಲೇ ಮೂಲೆಯಲ್ಲಿ ಬಾಯ್ಲರ್. ಅಕ್ಕನ ಮನೆಗೆ ಹೊಸ ಬಾಯ್ಲರ್ ಬಂದಾಗ ಪೈಪು ಹಾಕಲು ಬೇರೆಯವರನ್ನು ಕರೆಯುವ ಮಾತೇ ಇರಲಿಲ್ಲ. ಚಳಿಗಾಲಕ್ಕೆ ಮುಂಚೆ ಒಂದು ಬಿಡುವಿನ ದಿನ ಪೈಪಣ್ಣನೇ ಹೋದರು. ಎಲ್ಲ ಕೂಡಿಸಿದರು, ಗೀಟು ಎಳೆದರು, ಒಂದೊಂದೇ ಬಿಚ್ಚಿ ಅಂಟಿಸುತ್ತ ಬಂದರು. ಬಾಯ್ಲರಿನ ಬೆನ್ನ ಹಿಂದಿನ ಎಲ್ಬೋಗೆ ಬರುವ ಹೊತ್ತಿಗೆ ಅಕ್ಕ ಮೇಲಿನಿಂದ ಚಹಾಕ್ಕೆ ಕರೆದರು. ಹೋದರು. ಅಕ್ಕ-ತಮ್ಮ ಸೇರಿದರೆ ಮಾತಿಗೆ ಬರವೇ? ನಿಧಾನಸ್ಥ ಭಾವನನ್ನು ಆಡಿಕೊಂಡು ನಗುವುದಂತೂ ಇಬ್ಬರಿಗೂ ಚಹಾದ ಜೊತೆಯ ಬಿಸ್ಕತ್ತು. ಇಳಿದು ಬಂದವರು ಗೋಡೆಯ ಕಡೆಯಿಂದ ಮುಂದುವರಿಸಿದರು. ಎಲ್ಬೋ ಹಾಗೇ ಉಳಿಯಿತು. ಅಂದು ಬಳಸಿದ್ದು ಬಣ್ಣವಿಲ್ಲದ ಪ್ರೈಮರ್. ಅಂಟಿಸಿದ್ದಕ್ಕೂ ಅಂಟಿಸದ್ದಕ್ಕೂ ನೋಟದಲ್ಲಿ ವ್ಯತ್ಯಾಸವೇ ಇಲ್ಲ. ಬೇರೆಯವರ ಮನೆಯಾಗಿದ್ದರೆ ಹೊರಡುವ ಮುಂಚೆ ಪ್ರತಿ ಜಾಯಿಂಟನ್ನೂ ಪರೀಕ್ಷೆ ಮಾಡುತ್ತಿದ್ದರು. ಅಕ್ಕನ ಮನೆ ತಾನೆ ಎಂದು ಹೊರಟುಬಂದರು. ದೀಪದ ಬುಡದಲ್ಲೇ ಕತ್ತಲೆ.

ಮೊದಲ ಚಳಿಗಾಲ ಹೇಗೋ ಕಳೆಯಿತು. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ ಆ ಜಾಯಿಂಟು ಕೂದಲೆಳೆಯಷ್ಟೇ ಜರುಗಿರಬೇಕು. ಎರಡನೇ ಚಳಿಗಾಲಕ್ಕೆ ಭಾವ ಆಕಳಿಸತೊಡಗಿದರು. ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೇ ತಲೆ ಭಾರ ಎನ್ನುತ್ತಿದ್ದರು, ಕೂತಲ್ಲೇ ತೂಕಡಿಸುತ್ತಿದ್ದರು. ಹೆಣಿಗೆಯ ಲೆಕ್ಕ ತಪ್ಪಿ ಬಿಚ್ಚುವುದು, ಬಿಚ್ಚಿದ್ದನ್ನೇ ಮತ್ತೆ ತಪ್ಪುವುದು. ಒಬ್ಬರು ಅರ್ಧ ಹೆಣೆದ ಕುರ್ಚಿಗಳನ್ನು ಹಾಗೇ ಹೊತ್ತುಕೊಂಡು ಹೋದರು. ಬೇಸಿಗೆ ಬಂದು ಬಾಯ್ಲರ್ ಆರಿದಾಗ ಭಾವ ಮತ್ತೆ ಮೊದಲಿನಂತೆ ಚುರುಕಾದರು. ಮುಂದಿನ ಚಳಿಗೆ ಮತ್ತೆ ಅದೇ ಕಥೆ. ನೋಡಿದವರು ಏನೆಂದಾರು? ಚಳಿಯಲ್ಲಿ ಮಾತ್ರ ಬರುವ ಈ ರೋಗಕ್ಕೆ ಮೈಗಳ್ಳತನ ಎಂದು ಹೆಸರಿಟ್ಟರು.

ಹೆಸರಿಡುವುದರಲ್ಲಿ ಪೈಪಣ್ಣ ಎಲ್ಲರಿಗಿಂತ ಮುಂದೆ. 'ದಿಂಬು ಭಾವ' ಎಂದು ಕರೆದವರು ಅವರೇ. ಭಾವನ ಹುಟ್ಟುಹಬ್ಬಕ್ಕೆ ಹೂವಿನ ಚಿತ್ರದ ದಿಂಬೊಂದನ್ನು ಕಾಗದದಲ್ಲಿ ಸುತ್ತಿ, ನೆಂಟರ ಎದುರಿಗೆ ಬಿಚ್ಚಿಸಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕರು. ಡಾಕ್ಟರಿಗೆ ಒಮ್ಮೆ ತೋರಿಸೋಣ ಎಂದು ಅಕ್ಕ ಎಂದಾಗ, ಸೋಂಬೇರಿತನಕ್ಕೆ ಇನ್ನೂ ಮಾತ್ರೆ ಕಂಡುಹಿಡಿದಿಲ್ಲ ಎಂದವರೂ ಪೈಪಣ್ಣನೇ. ಅಕ್ಕ ನಕ್ಕು ಸುಮ್ಮನಾದರು. ಗಂಡ ಗೊರಕೆ ಹೊಡೆಯುತ್ತಾರೋ ಕೆಲಸ ಮಾಡುತ್ತಾರೋ ಕೇಳಿಸಲಿ ಎಂದು ನೆಲಮಾಳಿಗೆಯ ಬಾಗಿಲನ್ನು ಸದಾ ತೆರೆದಿಡುತ್ತಿದ್ದರು. ಭಾವನ ಜೀವ ಉಳಿಸಿದ್ದು ಆ ತೆರೆದ ಬಾಗಿಲು.

"ಉರಿದ ಗಾಳೀಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ," ಎನ್ನುತ್ತಾರೆ ಪೈಪಣ್ಣ, ನೆಲ ನೋಡುತ್ತ. "ತಲೆನೋವು, ಮಂಪರು, ಆಮೇಲೆ ನಿದ್ದೆ. ಏಳದೇ ಇರೋ ನಿದ್ದೇನೂ ಇರುತ್ತೆ. ಊರಿಗೆಲ್ಲ ಇದನ್ನ ಹೇಳ್ಕೊಂಡು ತಿರುಗೋನು ನಾನು. ನಮ್ಮ ಭಾವ ಆಕಳಿಸ್ತಿದ್ರೆ ಜೋಕು ಹೊಡೀತಾ ಕೂತಿದ್ದೆ."

ಗೊತ್ತಾದದ್ದು ಹೀಗೆ. ನೆಲಮಾಳಿಗೆಯ ಕಿಟಕಿಗಾಜು ಯಾಕೋ ಸದಾ ಬೆವರುತ್ತದೆ, ಒರೆಸಿ ಸಾಕಾಯಿತು ಎಂದು ಅಕ್ಕ ಅಂದರು. ಉರಿದ ಗಾಳಿ ತಣಿದರೆ ನೀರಾಗುತ್ತದೆ ಎಂಬುದು ಮೇಸ್ತ್ರಿಯ ಮೊದಲ ಪಾಠ. ಪೈಪಣ್ಣ ಆ ಮಾತು ಕೇಳಿದ್ದೇ ನೆಲಮಾಳಿಗೆಗೆ ಓಡಿದರು. ಬಾಯ್ಲರ್ ಆರಿಸಿ, ಕಿಟಕಿ ತೆರೆದು, ಬಾಯ್ಲರಿನ ಬೆನ್ನ ಹಿಂದೆ ಟಾರ್ಚ್ ಬಿಟ್ಟರು. ಎಲ್ಬೋದ ಮೇಲೆ ತಾವೇ ಎಳೆದ ಪೆನ್ಸಿಲ್ ಗೀಟು. ಅರ್ಧ ಇಲ್ಲಿ, ಅರ್ಧ ಸ್ವಲ್ಪ ಆಚೆ. ಕೈ ತಾಗಿದ್ದೇ ತುಂಡು ಕಳಚಿ ಬಂತು. ಅವರ ಹಿಂದೆ, ಸ್ಟೂಲಿನ ಮೇಲೆ ದಿಂಬು ಹಾಕಿಕೊಂಡು ಭಾವ ತೂಕಡಿಸುತ್ತಿದ್ದರು. ಎಬ್ಬಿಸಿ ಮೇಲೆ ಗಾಳಿಗೆ ಕಳಿಸಿದರು. ಹೊಸ ಎಲ್ಬೋ ಅಂಟಿಸಿ, ಎಲ್ಲ ಜಾಯಿಂಟನ್ನೂ ಪರೀಕ್ಷಿಸಿದರು. ಏನಾಗಿತ್ತು ಎಂದು ಅಕ್ಕ ಕೇಳಿದರೆ, ಏನಿಲ್ಲ, ಸಣ್ಣದೊಂದು ರಿಪೇರಿ ಎಂದರು. ಹಳೆಯ ತುಂಡನ್ನು ಚೀಲಕ್ಕೆ ಹಾಕಿಕೊಂಡು ಬಂದರು.

ಅಷ್ಟಕ್ಕೇ ನಿಂತಿದ್ದರೆ ಅದೊಂದು ತಪ್ಪು ಎನ್ನಬಹುದಿತ್ತು. ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ಭಾವ ಮೈಕೊಡವಿ ಎದ್ದರು. ನೆಂಟರು ಒಂದೆಡೆ ಸೇರಿದಾಗ, ತಮ್ಮನ ಚಾಟಿಮಾತಿಗೆ ಹೆದರಿ ಇವರು ಸರಿಹೋದರು ನೋಡಿ ಎಂದು ಅಕ್ಕ ಹೊಗಳಿದರು. ದಿಂಬಿನ ಮಹಿಮೆ ಎಂದು ಯಾರೋ ಅಂದರು. ಎಲ್ಲರೂ ಮತ್ತೆ ನಕ್ಕರು. ಪೈಪಣ್ಣ ತಟ್ಟೆ ನೋಡುತ್ತ ಕೂತರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಮೇಲೊಂದು ದಿನ ವಿಷಗಾಳಿ ಬಂದರೆ ಕೂಗುವ ಅಲಾರಂ ಒಂದನ್ನು ತಂದು, ಅಂಗಡಿಯವರು ಹೆಚ್ಚುವರಿ ಕೊಟ್ಟರು ಎಂದು ಸುಳ್ಳು ಹೇಳಿ ಭಾವನ ಕೋಣೆಯ ಗೋಡೆಗೆ ಹಾಕಿದರು. ನನ್ನ ಮೈದುನನಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದು ಭಾವ ಈಗಲೂ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಬಣ್ಣವಿಲ್ಲದ ಪ್ರೈಮರನ್ನು ಪೈಪಣ್ಣ ಅಂದಿನಿಂದ ಮುಟ್ಟಿಲ್ಲ. ಆದರೆ ಬೇರೆಯವರ ಮನೆಯ ಪೈಪಿಗೆ ಎಷ್ಟು ಉಂಗುರ ಬಳಿದರೇನು, ಹೇಳಬೇಕಾದವರಿಗೆ ಹೇಳಿಲ್ಲ. ಮೂರು ವರ್ಷವಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ಅವರೇ ತಮ್ಮನ್ನು ಬೈದುಕೊಳ್ಳುತ್ತಾರೆ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಭಾವನ ಕೈಯಲ್ಲಿ ಒಂದು ಸಣ್ಣ ಹೆಣಿಗೆಯಿತ್ತು. ದಾರದಷ್ಟು ತೆಳ್ಳಗಿನ ಬೆತ್ತ, ಕಣ್ಣು ಕಿರಿದು ಮಾಡಿ ನೋಡಬೇಕಾದ ಆರುಮೂಲೆಯ ತೂತುಗಳು. ಅದನ್ನು ಬಲ್ಲವರು ಆ ಸುತ್ತಮುತ್ತ ಅವರೊಬ್ಬರೇ. ಮೈ ಸರಿಯಾದ ಮೇಲೂ ಅದನ್ನು ಅವರು ಮತ್ತೆ ಹಿಡಿಯಲಿಲ್ಲ. ತೆಳು ಬೆತ್ತದ ಕಟ್ಟು ಕೆಲಸದ ಕೋಣೆಯ ಅಟ್ಟ ಸೇರಿತು. ಯಾರಾದರೂ ಕೇಳಿದರೆ, ಅದಕ್ಕೆಲ್ಲ ಶ್ರದ್ಧೆ ಬೇಕು, ನಾನು ಸೋಂಬೇರಿ, ದಪ್ಪ ಹೆಣಿಗೆಯೇ ನನಗೆ ಸಾಕು ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಪೈಪಣ್ಣನಿಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸುತ್ತದೆ. ಹಲವು ಸಲ ಎದ್ದು ಹೋಗಿಯೂ ಇದ್ದಾರೆ.

ಲೇಖಕಿ ಪೆನ್ನು ಕೆಳಗಿಟ್ಟರು. ಇದನ್ನು ಬರೆಯದೆ ನಿಮ್ಮ ಬಗ್ಗೆ ಬರೆದರೆ ಅದು ಬರೀ ಬಿಳಿ ಪೈಪಾಗುತ್ತದೆ ಎಂದರು. ಪೈಪಣ್ಣ ಎಲ್ಬೋವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಆಮೇಲೆ, "ನನ್ನ ಹೊಗಳೋದೆಲ್ಲ ತೆಗೆದುಬಿಡಿ ಮೇಡಂ. ನಮ್ಮ ಭಾವ ಸೋಂಬೇರಿ ಅಲ್ಲ ಅಂತ ಒಂದು ಸಾಲು ಹಾಕಿ, ಸಾಕು. ಆದ್ರೆ ಭಾನುವಾರದ ತನಕ ತಡೀರಿ. ಅವರು ಪೇಪರಲ್ಲಿ ಓದಿ ತಿಳ್ಕೊಳೋದು ಬೇಡ," ಎಂದರು.

ಭಾನುವಾರ ಬೆಳಿಗ್ಗೆ ಪೈಪಣ್ಣ ಅಕ್ಕನ ಮನೆಯ ನೆಲಮಾಳಿಗೆ ಇಳಿಯುತ್ತಾರೆ. ಭಾವ ಅದೇ ಹೂವಿನ ದಿಂಬಿನ ಮೇಲೆ ಕೂತು ದಪ್ಪ ಬೆತ್ತ ಎಳೆಯುತ್ತಿದ್ದಾರೆ. ಬಾರಯ್ಯಾ, ಚಹಾ ಆಯಿತಾ ಎಂದು ಕೇಳುತ್ತಾರೆ. ಪೈಪಣ್ಣ ಚೀಲದಿಂದ ಎಲ್ಬೋ ತೆಗೆದು ಅವರ ಮುಂದಿನ ಕುರ್ಚಿಯ ಮೇಲಿಡುತ್ತಾರೆ. ನಿಂತುಕೊಂಡೇ, ಎಲ್ಲೂ ನಿಲ್ಲಿಸದೆ, ಎಲ್ಲವನ್ನೂ ಹೇಳುತ್ತಾರೆ. ಚಹಾ, ಗೀಟು, ದಿಂಬು, ಡಾಕ್ಟರ್ ಬೇಡ ಎಂದದ್ದು, ಅಲಾರಂ ಬಗ್ಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡುವುದಿಲ್ಲ. ನನಗೆ ನಾಚಿಕೆಯಾಗುತ್ತದೆ ಭಾವ ಎಂದು ಕೊನೆಗೆ ಹೇಳುತ್ತಾರೆ.

ಭಾವ ಎಲ್ಬೋ ಎತ್ತಿಕೊಳ್ಳುತ್ತಾರೆ. ಕೈಕಸುಬಿನವರು, ಗೀಟು ಎಂದರೇನು, ಜರುಗಿದ ಗೀಟು ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಹೆಬ್ಬೆರಳು ಹಾಕಿ ಸುತ್ತ ಒಮ್ಮೆ ಸವರುತ್ತಾರೆ. ಅಂಟಿನ ಗುರುತು ಹುಡುಕುವವರ ಹಾಗೆ ಇನ್ನೊಮ್ಮೆ ಸವರುತ್ತಾರೆ.

"ಹಾಗಾದ್ರೆ ನಾನು ಸೋಂಬೇರಿ ಅಲ್ವಾ?" ಎಂದು ಕೇಳುತ್ತಾರೆ.

ಅದು ಚುಚ್ಚುಮಾತಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ. ಪೈಪಣ್ಣ ಏನನ್ನು ಎದುರಿಸಲೂ ಸಿದ್ಧರಾಗಿ ಬಂದಿದ್ದರು. ಬೈಗುಳಕ್ಕೆ, ಹೊರಗೆ ಹೋಗು ಎಂಬ ಮಾತಿಗೆ, ಕೆನ್ನೆಗೆ ಬೀಳುವ ಏಟಿಗೂ. ಇದಕ್ಕೆ ಸಿದ್ಧರಿರಲಿಲ್ಲ. ಅಲ್ಲ ಎಂದು ತಲೆಯಾಡಿಸುತ್ತಾರೆ.

"ನೀವೆಲ್ಲ ಹೇಳ್ತಾ ಹೇಳ್ತಾ ನಾನೂ ನಂಬಿಬಿಟ್ಟಿದ್ದೆ ಕಣಯ್ಯಾ. ಬೆಳಿಗ್ಗೆ ಏಳುವಾಗ್ಲೆ ನನ್ನ ಮೇಲೆ ನನಗೇ ಹೇಸಿಗೆ ಆಗ್ತಿತ್ತು."

ಪೈಪಣ್ಣ ಕಾಲು ಹಿಡಿಯಲು ಬಾಗುತ್ತಾರೆ. ಭಾವ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ತಪ್ಪು ಯಾರಿಂದಲೂ ಆಗುತ್ತದೆ, ಆದರೆ ಮೂರು ವರ್ಷ ಬಚ್ಚಿಟ್ಟೆಯಲ್ಲ, ಅದಕ್ಕೆ ಇವತ್ತೇ ಕ್ಷಮೆ ಕೇಳಬೇಡ, ಕೊಡಲು ನನ್ನಿಂದ ಆಗುವುದಿಲ್ಲ ಎನ್ನುತ್ತಾರೆ. ದನಿ ಏರುವುದಿಲ್ಲ. ಸ್ವಲ್ಪ ಹೊತ್ತು ಬೆತ್ತ ಎಳೆಯುತ್ತಾರೆ, ಎಳೆದದ್ದನ್ನು ಬಿಟ್ಟುಬಿಡುತ್ತಾರೆ. ದಿಂಬನ್ನು ಮಾತ್ರ ವಾಪಸು ಕೇಳಬೇಡ, ಸೊಂಟಕ್ಕೆ ಹಿತವಾಗಿದೆ ಎನ್ನುತ್ತಾರೆ. ಆಮೇಲೆ ಅಟ್ಟದ ಕಡೆ ಕೈ ತೋರಿಸಿ, ಆ ತೆಳು ಬೆತ್ತದ ಕಟ್ಟನ್ನು ಇಳಿಸು ಎನ್ನುತ್ತಾರೆ. ಪೈಪಣ್ಣ ಇನ್ನೊಂದು ಸ್ಟೂಲು ಹತ್ತಿ ಇಳಿಸಿಕೊಡುತ್ತಾರೆ. ಕಟ್ಟಿನ ಮೇಲೆ ಬೆರಳು ಮುಳುಗುವಷ್ಟು ಧೂಳು. ಭಾವ ಅದನ್ನು ಒರೆಸುತ್ತ, ಮುಖ ಎತ್ತದೆ, ಕೊನೆಯ ಮಾತು ಹೇಳುತ್ತಾರೆ.

"ಮೇಲೆ ಹೋಗಿ ನಿಮ್ಮಕ್ಕನಿಗೆ ನೀನೇ ಹೇಳು. ನಾನು ಹೇಳಿದ್ರೆ ನೆಪ ಅಂತಾಳೆ."

ಪೈಪಣ್ಣ ಎಲ್ಬೋ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾರೆ. ಸವೆದ ಮಂಡಿ ಪ್ರತಿ ಮೆಟ್ಟಿಲಿಗೂ ನೋಯುತ್ತದೆ. ನೆಲಮಾಳಿಗೆಯ ಬಾಗಿಲು ಎಂದಿನಂತೆ ತೆರೆದೇ ಇದೆ. ಅಕ್ಕ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ತರಕಾರಿ ಹೆಚ್ಚುತ್ತಿದ್ದಾರೆ. ಕೆಳಗೆ ಸದ್ದೇ ಇಲ್ಲವಲ್ಲ, ಮತ್ತೆ ಮಲಗಿದರಾ ನಿಮ್ಮ ಭಾವ ಎಂದು ನಗುತ್ತಾ ಕೇಳುತ್ತಾರೆ.

"ಅಕ್ಕಾ, ಭಾವ ಸೋಂಬೇರಿ ಅಲ್ಲ."

ಅಕ್ಕ ಚಾಕು ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತ ತಿರುಗುತ್ತಾರೆ. "ಬೆಳಿಗ್ಗೆ ಬೆಳಿಗ್ಗೆ ಭಾವನ ಪರ ವಕಾಲತ್ತಾ? ಯಾರಪ್ಪಾ ಅಂದಿದ್ದು ಈಗ?"

"ನಾನು," ಎನ್ನುತ್ತಾರೆ ಪೈಪಣ್ಣ. "ಮೊದಲು ಅಂದಿದ್ದು ನಾನು."